ರಜೆಗೂ ಒಂದು ಎಲ್ಲೆ ಬೇಕು

ಗೃಹಸ್ಥನು ದುಡಿಯಬೇಕು, ನ್ಯಾಯಮಾರ್ಗದಿಂದ ಧನವನ್ನು ಸಂಪಾದಿಸಬೇಕು ಎಂಬುದನ್ನು ನಮ್ಮ ಹಿರಿಯರು ಒತ್ತಿ ಹೇಳಿದ್ದಾರೆ. ಆದರೆ ದುಡಿಮೆಯನ್ನು ಎಲ್ಲಿ ನಿಲ್ಲಿಸಬೇಕು, ಹೇಗೆ ನಿಲ್ಲಿಸಬೇಕು ಎಂಬ ವಿಷಯದಲ್ಲಿಯೂ ಅವರು ಏನಾದರೂ ಹೇಳಿರಬಹುದೇ ಎಂದು ಅರುವತ್ತು ವರ್ಷ ದಾಟುವವರೆಗೆ ನಾನು ಯೋಚಿಸಿದವನಲ್ಲ. ಯೋಚಿಸುವ ಪ್ರಸಂಗ ಒದಗಿದ್ದು ನನ್ನ ಒಂದು ಅಸ್ವಾಸ್ಥ್ಯದಿಂದ ಮತ್ತು ನಾನು ಎಸಗಿದ ಒಂದು ಸಣ್ಣ ಹಿಂಸೆಯಿಂದ. ಅವೆರಡನ್ನೂ ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ. ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ವಾಚಕರು ಇದನ್ನು ಒಬ್ಬ ವ್ಯಾಪಾರಿಯ ತಪ್ಪೊಪ್ಪಿಗೆ ಎಂದು ತಿಳಿದು ಓದಬೇಕಾಗಿ ವಿನಂತಿ.

ನಾನು ಹುಟ್ಟಿದ್ದು ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ. ಬಿ.ಕಾಂ. ಮುಗಿಸಿ ಬೆಂಗಳೂರಿಗೆ ಬಂದು, ಚಿಕ್ಕಪೇಟೆಯ ಒಂದು ಕಾಗದದ ಮಳಿಗೆಯಲ್ಲಿ ಎಂಟು ವರ್ಷ ಲೆಕ್ಕ ಬರೆದು, 1991ರಲ್ಲಿ ಅರೆಕೆರೆಯಲ್ಲಿ ಸ್ವಂತ ಅಂಗಡಿ ತೆರೆದೆ. ನೋಟ್‌ಪುಸ್ತಕ, ರೀಮ್ ಕಾಗದ, ರಿಜಿಸ್ಟರುಗಳ ವ್ಯಾಪಾರ. ಶಾಲೆಗಳಿಗೆ ಸಗಟು ಪೂರೈಕೆ. ಆಗ ಬನ್ನೇರುಘಟ್ಟ ರಸ್ತೆಯಲ್ಲಿ ಸಂಜೆ ಏಳರ ಮೇಲೆ ಅಷ್ಟಾಗಿ ಸದ್ದು ಇರುತ್ತಿರಲಿಲ್ಲ. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವುದು ನಮ್ಮ ಮನೆಯ ನಿಯಮವಾದ್ದರಿಂದ ಐದೂವರೆಗೆ ಮನೆಗೆ ಹೋಗಿ ಉಂಡು, ಪುನಃ ಬಂದು, ಎಂಟಕ್ಕೆ ಬಾಗಿಲು ಹಾಕುತ್ತಿದ್ದೆ. ಊರು ಬೆಳೆದಂತೆ ಎಂಟು ಒಂಬತ್ತಾಯಿತು, ಒಂಬತ್ತು ಹತ್ತಾಯಿತು. ಊಟದ ನಿಯಮ ಉಳಿಯಿತು; ಅದರ ಸುತ್ತ ಇದ್ದ ಬಿಡುವು ಹೋಯಿತು.

ನಮ್ಮ ವ್ಯಾಪಾರದಲ್ಲಿ ಮಾರ್ಚ್ ಬಂದರೆ ವರ್ಷದ ಲೆಕ್ಕದ ಮುಕ್ತಾಯ. ಅದು ಮುಗಿಯುವಷ್ಟರಲ್ಲಿ ಶಾಲೆಗಳ ಹಂಗಾಮು, ಜೂನ್ ಕಳೆಯುವವರೆಗೆ ಉಸಿರಾಡಲು ಬಿಡುವಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಪ್ರತಿ ತಿಂಗಳ 11 ಮತ್ತು 20ನೆಯ ತಾರೀಖುಗಳೂ ತಲೆಯ ಮೇಲೆ ಕುಳಿತವು. ಇದನ್ನು ದೂರೆಂದು ಹೇಳುತ್ತಿಲ್ಲ. ತೆರಿಗೆ ಕಟ್ಟುವುದು ಅಚೌರ್ಯಾಣುವ್ರತದ ಒಂದು ಭಾಗವೆಂದೇ ನಾನು ಭಾವಿಸಿದ್ದೇನೆ. ವರ್ಷದಲ್ಲಿ ಮನಸ್ಸು ಅಂಗಡಿಯಿಂದ ಹೊರಗೆ ಬಂದ ದಿನ ಒಂದೂ ಇರಲಿಲ್ಲ ಎಂಬುದಷ್ಟೇ ಇಲ್ಲಿ ಹೇಳಬೇಕಾದ ಮಾತು.

2023ರ ಜುಲೈ ತಿಂಗಳ ಒಂದು ಸಂಜೆ ನಗದು ಪುಸ್ತಕದ ಒಂದು ಪುಟವನ್ನು ಕೂಡಲು ಕುಳಿತೆ. ಇಪ್ಪತ್ತೆಂಟು ಸಾಲುಗಳು. ನಲವತ್ತು ವರ್ಷಗಳಿಂದ ಬೆರಳು ಮಡಿಸದೆ ಕೂಡುವ ಅಭ್ಯಾಸ ನನ್ನದು. ಅಂದು ಮೂರು ಬಾರಿ ಕೂಡಿದೆ. ಮೂರು ಬೇರೆ ಬೇರೆ ಮೊತ್ತಗಳು ಬಂದವು. ನಾಲ್ಕನೆಯ ಬಾರಿ ಅರ್ಧಕ್ಕೆ ಬರುವಷ್ಟರಲ್ಲಿ ಎದುರಿಗಿದ್ದ ಅಂಕಿಗಳಿಗೂ ನನಗೂ ಸಂಬಂಧವೇ ಇಲ್ಲವೆಂಬಂತೆ ಆಯಿತು. ಅದೇ ವಾರ, ಇಪ್ಪತ್ತು ವರ್ಷಗಳ ಪರಿಚಯದ ಒಬ್ಬ ಶಿಕ್ಷಕಿ ಗೆರೆ ಸರಿಯಾಗಿ ಮುದ್ರಣವಾಗದ ಹತ್ತು ಪುಸ್ತಕಗಳನ್ನು ಹಿಂದಿರುಗಿಸಲು ಬಂದರು. ನಾನು ಅವರ ಮೇಲೆ ರೇಗಿದೆ. ಅವರು ಪುಸ್ತಕಗಳನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟು, ಏನೂ ಮಾತನಾಡದೆ ಹೊರಟುಹೋದರು. ಇಂದಿಗೂ ನಮ್ಮ ಅಂಗಡಿಗೆ ಬಂದಿಲ್ಲ.

ವೈದ್ಯರು ರಕ್ತವನ್ನೂ ಹೃದಯವನ್ನೂ ಪರೀಕ್ಷಿಸಿ, “ನಿಮಗೆ ರೋಗವಿಲ್ಲ, ದಣಿವಿದೆ” ಎಂದರು. ಈ ದಣಿವಿಗೆ ಅವರು ಬಳಸಿದ ಮಾತು ಬರ್ನ್‌ಔಟ್. ಮನೆಗೆ ಬಂದು ಮಗನಿಂದ ವಿಚಾರಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ತನ್ನ ರೋಗಗಳ ಪಟ್ಟಿಯನ್ನು ಪರಿಷ್ಕರಿಸಿದಾಗ ಇದನ್ನು ರೋಗವೆಂದು ಪರಿಗಣಿಸದೆ, ಉದ್ಯೋಗಕ್ಕೆ ಸಂಬಂಧಿಸಿದ ಒಂದು ಸ್ಥಿತಿಯೆಂದು ಸೇರಿಸಿದೆ. ಅದಕ್ಕೆ ಮೂರು ಲಕ್ಷಣಗಳು: ಶಕ್ತಿಯೆಲ್ಲ ಬರಿದಾಗುವುದು, ಮಾಡುವ ಕೆಲಸದ ಮೇಲೆಯೇ ಬೇಸರ ಅಥವಾ ತಾತ್ಸಾರ ಹುಟ್ಟುವುದು, ಕೆಲಸದ ಸಾಮರ್ಥ್ಯ ಕುಗ್ಗುವುದು. ನಾನು ಮನಸ್ಸಿನಲ್ಲೇ ತಾಳೆ ನೋಡಿದೆ. ಬೆಳಗ್ಗೆ ಏಳುವಾಗಲೇ ಆಯಾಸ. ಆ ಶಿಕ್ಷಕಿಯ ಮೇಲಿನ ಸಿಡುಕು. ಕೂಡಲಾಗದ ಇಪ್ಪತ್ತೆಂಟು ಸಾಲು. ಮೂರೂ ಜಮಾ ಆಗಿದ್ದವು. ದೀಪದಲ್ಲಿ ಎಣ್ಣೆ ತೀರಿದ ಮೇಲೂ ಕೊಂಚ ಹೊತ್ತು ಬೆಳಕಿರುತ್ತದೆ. ಆಗ ಉರಿಯುವುದು ಎಣ್ಣೆಯಲ್ಲ, ಬತ್ತಿ. ನಾನು ಎಷ್ಟು ಕಾಲದಿಂದ ಬತ್ತಿಯನ್ನೇ ಉರಿಸುತ್ತಿದ್ದೆನೋ ತಿಳಿಯದು.

ರಜೆ ತೆಗೆದುಕೊಳ್ಳುವುದೆಂದು ನಿಶ್ಚಯವಾಯಿತು. ಆ ವರ್ಷದ ದಸರೆಯ ಸಮಯದಲ್ಲಿ ಮಗನು ಕಾರು ಗೊತ್ತುಮಾಡಿ ಐದು ದಿನಗಳ ಪ್ರವಾಸವನ್ನು ಏರ್ಪಡಿಸಿದನು. ಶ್ರವಣಬೆಳಗೊಳದಲ್ಲಿ 58 ಅಡಿಯ ಗೊಮ್ಮಟ, ಧರ್ಮಸ್ಥಳದಲ್ಲಿ 39 ಅಡಿಯ ಬಾಹುಬಲಿ, ವೇಣೂರಿನಲ್ಲಿ 1604ರ ಮೂರ್ತಿ, 1430ರ ಮೂಡುಬಿದಿರೆಯ ಸಾವಿರ ಕಂಬದ ಬಸದಿ, 1432ರ ಕಾರ್ಕಳದ ಗೊಮ್ಮಟ, ಕೊನೆಗೆ ವರಂಗದ ಕೆರೆ ಬಸದಿ. ಐದು ದಿನಗಳಲ್ಲಿ ನಾಲ್ಕು ಬಾಹುಬಲಿಗಳ ದರ್ಶನ! ಇದಕ್ಕಿಂತ ಪುಣ್ಯಕರವಾದ ವಿಶ್ರಾಂತಿ ಯಾವುದು ಎಂದು ಬಂಧುಗಳೆಲ್ಲ ಹೊಗಳಿದರು.

ವರಂಗವನ್ನು ನೋಡದವರಿಗಾಗಿ ಒಂದು ಮಾತು. ಅಲ್ಲಿ ಕೆರೆಯ ನಡುವೆ ಬಸದಿ ಇದೆ, ದೋಣಿಯಲ್ಲಿಯೇ ಹೋಗಬೇಕು. ಸುತ್ತಲೂ ನೀರು, ಅದರಾಚೆ ಹಸುರು, ದೂರದಲ್ಲಿ ಘಟ್ಟದ ಸಾಲು. ದೋಣಿ ನೀರಿನ ನಡುವೆ ಬಂದಾಗ ನನ್ನ ಜೇಬಿನಲ್ಲಿದ್ದ ಫೋನು ಬಾರಿಸಿತು. ಅಂಗಡಿಯಿಂದ ಕರೆ, ಯಾವುದೋ ರೀಮಿನ ಧಾರಣೆ ಕೇಳಲು. ನಾನು ಧಾರಣೆ ಹೇಳಿದೆ. ಬಳಿಕ ಹಳೆಯ ಬಾಕಿ ಬಂತೇ ಎಂದು ಕೇಳಿದೆ. ಬರಲಿಲ್ಲವೆಂದಾಗ ಇನ್ನೊಬ್ಬರಿಗೆ ಫೋನು ಮಾಡಿದೆ. ಮಾತು ಮುಗಿಸಿ ತಲೆಯೆತ್ತಿದಾಗ ದೋಣಿ ದಡ ಸೇರಿ ಎಷ್ಟೋ ಹೊತ್ತಾಗಿತ್ತು. ಮನೆಯವರು ಮೆಟ್ಟಿಲ ಮೇಲೆ ನಿಂತು ನನಗಾಗಿ ಕಾಯುತ್ತಿದ್ದರು. ನೀರಿನ ನಡುವೆ ಹೋದ ಆ ದಾರಿ ಹೇಗಿತ್ತೆಂದು ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಮನೆಗೆ ಮರಳಿದ ಮೇಲೆ ಕುತೂಹಲಕ್ಕೆಂದು ಫೋನಿನ ಪಟ್ಟಿಯನ್ನು ಎಣಿಸಿದೆ. ಐದು ದಿನಗಳಲ್ಲಿ 63 ಕರೆಗಳು. ಅವುಗಳಲ್ಲಿ 41 ನಾನೇ ಮಾಡಿದವು.

ಬಾಹುಬಲಿಯ ಚರಿತೆಯಲ್ಲಿ ಒಂದು ಪ್ರಸಂಗವನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಹೇಳುತ್ತೇವೆ. ಗೆದ್ದ ರಾಜ್ಯವನ್ನು ಬಿಟ್ಟು ವರ್ಷಕಾಲ ಕದಲದೆ ನಿಂತರೂ ಆತನಿಗೆ ಕೇವಲಜ್ಞಾನ ಉಂಟಾಗಲಿಲ್ಲ. ನಾನು ನಿಂತಿರುವುದು ಭರತನ ನೆಲದಲ್ಲಿ ಎಂಬ ಒಂದು ಶಲ್ಯ ಮನಸ್ಸಿನಲ್ಲಿ ಉಳಿದಿತ್ತು. ಬಳ್ಳಿ ಹಬ್ಬಿದರೂ, ಹುತ್ತ ಬೆಳೆದರೂ ಕದಲದ ಶರೀರ. ಒಳಗೆ ಮಾತ್ರ ಒಂದು ಮುಳ್ಳು. ಅಂತಹ ಮಹಾತ್ಮನ ಕಥೆಗೂ ನನ್ನ ಕಥೆಗೂ ಹೋಲಿಕೆ ಸಲ್ಲದು. ಆದರೂ ನಾಲ್ಕು ಮೂರ್ತಿಗಳ ಪಾದದ ಬಳಿ ನಿಂತಾಗಲೂ ನನ್ನೊಳಗೆ ಅಂಗಡಿಯ ನೆಲವೇ ಇತ್ತು ಎಂಬುದು ಸತ್ಯ. ಶರೀರಕ್ಕೆ ರಜೆ ಸಿಕ್ಕಿತ್ತು. ಮನಸ್ಸು ಹಾಜರಿ ಹಾಕುತ್ತಿತ್ತು.

ಹೋದುದಕ್ಕಿಂತ ಹೆಚ್ಚು ದಣಿದು ಹಿಂದಿರುಗಿದೆ. ಅದೇ ತಿಂಗಳ ಕೊನೆಯಲ್ಲಿ, ದೇಶದ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಶ್ರೀ ಎನ್. ಆರ್. ನಾರಾಯಣ ಮೂರ್ತಿಯವರು ಹೇಳಿದ ಮಾತು ಪತ್ರಿಕೆಗಳಲ್ಲಿ ಬಂದು ದೊಡ್ಡ ಚರ್ಚೆಯಾಯಿತು. ನಮ್ಮ ಮನೆಯಲ್ಲಿಯೂ ಆಯಿತು. ನಾನು ಸ್ವಭಾವತಃ ಅವರ ಪಕ್ಷವನ್ನೇ ವಹಿಸಿದೆ. ನಾನು ಎಂಬತ್ತು ಗಂಟೆ ದುಡಿದವನು. ಮಗನು ಎದುರಾಡದೆ, ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಕೂಡಿ 2021ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಸಾರಾಂಶವನ್ನು ನನ್ನ ಮುಂದಿಟ್ಟನು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರೊಡನೆ ಹೋಲಿಸಿದರೆ, 55 ಅಥವಾ ಅದಕ್ಕೂ ಹೆಚ್ಚು ಗಂಟೆ ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟೂ ಹೃದ್ರೋಗದಿಂದ ಮರಣದ ಅಪಾಯ ಶೇಕಡಾ 17ರಷ್ಟೂ ಹೆಚ್ಚೆಂದು ಅದರಲ್ಲಿತ್ತು. ಇಂತಹ ದುಡಿಮೆಯ ಪರಿಣಾಮವಾಗಿ 2016ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 7,45,000 ಜನ ಮೃತರಾದರೆಂದು ಅವರ ಅಂದಾಜು. ಅಂಕಿಗಳ ಮುಂದೆ ನಾನು ವಾದಿಸುವವನಲ್ಲ, ಸುಮ್ಮನಾದೆ. ಆದರೆ ಬದಲಾಗಲಿಲ್ಲ.

ಈಗ ಹಿಂಸೆಯ ವಿಷಯ. ನಮ್ಮ ಅಂಗಡಿಯಲ್ಲಿ ಇಪ್ಪತ್ತಮೂರು ವರ್ಷಗಳಿಂದ ಇರುವ ಒಬ್ಬ ಗುಮಾಸ್ತನಿದ್ದಾನೆ. 2024ರ ಜನವರಿಯಲ್ಲಿ ಆತನ ತಂದೆಗೆ ಕಾಯಿಲೆಯಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಆತ ಒಂದು ವಾರದ ರಜೆ ಪಡೆದು ಊರಿಗೆ ಹೋದ. ನಾಲ್ಕನೆಯ ದಿನ ಮಧ್ಯಾಹ್ನ ಒಂದು ಶಾಲೆಯ ಹಳೆಯ ಬಿಲ್ಲಿನ ಬಗ್ಗೆ ನನಗೊಂದು ಸಂದೇಹ ಬಂದಿತು. ಫೋನು ಮಾಡಿದೆ. ಆತನ ಹೆಂಡತಿ ಎತ್ತಿಕೊಂಡಳು.

“ಮಲಗಿದಾರೆ ಯಜಮಾನ್ರೇ. ಎಬ್ಬಿಸ್ಲಾ?” ಎಂದಳು.

“ಎಬ್ಬಿಸಮ್ಮ” ಎಂದೆ.

ಆತ ಎದ್ದು ಬಂದು, ನಿದ್ದೆಗಣ್ಣಿನ ದನಿಯಲ್ಲಿ, ಬಿಲ್ಲು ಯಾವ ಫೈಲಿನಲ್ಲಿದೆಯೆಂದು ಹೇಳಿದ. ಆ ಫೈಲು ನನ್ನ ಮೇಜಿನ ಮೇಲೆಯೇ ಇತ್ತು. ಮೂರು ರಾತ್ರಿ ಆಸ್ಪತ್ರೆಯಲ್ಲಿ ಎಚ್ಚರವಾಗಿದ್ದು, ಆ ಬೆಳಗ್ಗೆ ತಂದೆಯನ್ನು ಮನೆಗೆ ಕರೆತಂದು, ಆತ ಮೊದಲ ಬಾರಿಗೆ ಕಣ್ಣು ಮುಚ್ಚಿದ ಹೊತ್ತದು. ಇದು ನನಗೆ ತಿಳಿದದ್ದು ವಾರದ ಬಳಿಕ, ಅಂಗಡಿಯ ಹುಡುಗನೊಬ್ಬನಿಂದ.

ಹಾಜರಿ ಪುಸ್ತಕವನ್ನು ತೆರೆದು ನೋಡಿದೆ. ಆ ಏಳು ದಿನಗಳ ಮುಂದೆ ನನ್ನದೇ ಅಕ್ಷರದಲ್ಲಿ ‘ಸಂಬಳಸಹಿತ ರಜೆ’ ಎಂದು ಬರೆದಿತ್ತು. ಕಾನೂನಿನ ದೃಷ್ಟಿಯಿಂದ ಎಲ್ಲವೂ ಸರಿಯಾಗಿತ್ತು. ಬೊಂಬಾಯಿಯ ಗಿರಣಿ ಕಾರ್ಮಿಕರಿಗಾಗಿ ನಾರಾಯಣ ಮೇಘಾಜಿ ಲೋಖಂಡೆಯವರು ಹೋರಾಡಿ 1890ರಲ್ಲಿ ಭಾನುವಾರದ ಬಿಡುವನ್ನು ಪಡೆದ ಕಾಲದಿಂದ ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯವರೆಗೆ, ದುಡಿಯುವವನ ದಿನಕ್ಕೂ ವಾರಕ್ಕೂ ಒಂದು ಮಿತಿಯನ್ನು ಹಾಕುವ ಪ್ರಯತ್ನ ನಡೆದು ಬಂದಿದೆ. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು, ಇಪ್ಪತ್ತು ದಿನದ ದುಡಿಮೆಗೆ ಒಂದು ದಿನದ ರಜೆ ಎಂದು ಆ ಕಾಯಿದೆ ನಿಗದಿ ಮಾಡಿತು. ಈ ಲೆಕ್ಕವನ್ನು ನಾನು ಎಂದೂ ತಪ್ಪಿದವನಲ್ಲ. ಆದರೆ ಕಾಯಿದೆ ದಿನಗಳನ್ನು ಎಣಿಸುತ್ತದೆ. ಆ ದಿನಗಳೊಳಗಿನ ನಿದ್ರೆಯನ್ನು ಎಣಿಸುವುದಿಲ್ಲ. ಫ್ರಾನ್ಸ್ ದೇಶದಲ್ಲಿ 2017ರಿಂದ, ಕೆಲಸದ ವೇಳೆಯಾಚೆ ಸಂದೇಶಗಳಿಗೆ ಉತ್ತರಿಸದಿರುವ ಹಕ್ಕನ್ನು ಕಾನೂನಿನಲ್ಲಿ ಸೇರಿಸಿರುವರಂತೆ. ಒಳ್ಳೆಯದೇ. ಆದರೆ ಮಲಗಿದವನನ್ನು ಎಬ್ಬಿಸಬಾರದೆಂದು ತಿಳಿಯಲು ನನಗೆ ಕಾನೂನು ಬೇಕಾಗಿತ್ತೇ?

ಆ ವರ್ಷದ ದಶಲಕ್ಷಣ ಪರ್ವದಲ್ಲಿ ನಮ್ಮ ಬಡಾವಣೆಯ ನಾಲ್ಕಾರು ಮನೆಯವರು ಸೇರಿ, ರೂಢಿಯಂತೆ, ದಿನಕ್ಕೊಂದು ಅಧ್ಯಾಯದಂತೆ ತತ್ತ್ವಾರ್ಥಸೂತ್ರದ ಸ್ವಾಧ್ಯಾಯ ನಡೆಸಿದೆವು. ಏಳನೆಯ ದಿನ ಏಳನೆಯ ಅಧ್ಯಾಯ. ಶ್ರಾವಕನ ವ್ರತಗಳ ಅಧ್ಯಾಯ. ಅದನ್ನು ವಿವರಿಸುವ ಸರದಿ ನನ್ನದಾಗಿತ್ತು. ಮೂವತ್ತು ವರ್ಷಗಳಲ್ಲಿ ಹತ್ತು ಸಲವಾದರೂ ವಿವರಿಸಿದ ಭಾಗ. ಹಿಂದಿನ ರಾತ್ರಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದವನು ದೇಶವ್ರತದ ಬಳಿ ಬಂದು ನಿಂತುಬಿಟ್ಟೆ.

ದೇಶವ್ರತವೆಂದರೆ, ಇಷ್ಟು ಕಾಲ ಈ ಎಲ್ಲೆಯನ್ನು ದಾಟುವುದಿಲ್ಲವೆಂಬ ನಿಯಮ. ಜೀವಮಾನಕ್ಕೆಲ್ಲ ದಿಕ್ಕುಗಳಿಗೆ ಮಿತಿ ಹಾಕಿಕೊಳ್ಳುವುದು ದಿಗ್ವ್ರತ. ಅದರೊಳಗೆ ಸ್ವಲ್ಪ ಕಾಲಕ್ಕೆ ಇನ್ನೂ ಕಿರಿದಾದ ಮಿತಿ ಹಾಕಿಕೊಳ್ಳುವುದು ದೇಶವ್ರತ. ಆ ಎಲ್ಲೆ ಒಂದು ಮನೆಯಾಗಿರಬಹುದು, ಊರಾಗಿರಬಹುದು, ಹೊಲ, ನದಿ, ಕಾಡು ಆಗಿರಬಹುದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಹೇಳಿದ್ದಾರೆ. ಇದು ನಮಗೆಲ್ಲ ತಿಳಿದ ಸಂಗತಿ. ನಾನು ನಿಂತುಬಿಟ್ಟದ್ದು ಅದರ ಐದು ಅತಿಚಾರಗಳ ಬಳಿ. ಎಲ್ಲೆಯೊಳಗೆ ಕುಳಿತೇ ಹೊರಗಿನ ವಸ್ತುವನ್ನು ತರಿಸಿಕೊಳ್ಳುವುದು ಆನಯನ. ತಾನು ಹೋಗದೆ ಆಳನ್ನು ಕಳುಹಿಸುವುದು ಪ್ರೇಷ್ಯಪ್ರಯೋಗ. ಹೊರಗಿರುವವರಿಗೆ ಕೇಳುವಂತೆ ಕೆಮ್ಮುವುದು, ಕೂಗುವುದು ಶಬ್ದಾನುಪಾತ. ಅವರಿಗೆ ಕಾಣುವಂತೆ ತನ್ನ ರೂಪವನ್ನು ತೋರುವುದು ರೂಪಾನುಪಾತ. ಕಲ್ಲೋ ಹೆಂಟೆಯೋ ಎಸೆದು ಗಮನ ಸೆಳೆಯುವುದು ಪುದ್ಗಲಕ್ಷೇಪ.

ಕಾಲು ಎಲ್ಲೆಯನ್ನು ದಾಟಿಲ್ಲ. ಆದರೂ ವ್ರತಕ್ಕೆ ಕಲೆ ಹತ್ತಿತು ಎಂಬುದು ಇದರ ತಾತ್ಪರ್ಯ. ದೂರವಾಣಿಯಿಲ್ಲದ ಕಾಲದಲ್ಲಿ ಬರೆದ ಈ ಪಟ್ಟಿಯನ್ನು ಓದುತ್ತ ವರಂಗದ ದೋಣಿ ನನ್ನ ಕಣ್ಣ ಮುಂದೆ ಬಂತು. ಕರೆ ಮಾಡಿದ್ದು ಶಬ್ದಾನುಪಾತ. ಮಗ ಕಲಿಸಿದ ವೀಡಿಯೋ ಕರೆಯಲ್ಲಿ ಗೋದಾಮನ್ನು ತೋರಿಸು ಎಂದು ಮುಖ ತೋರಿಸಿದ್ದು ರೂಪಾನುಪಾತ. ಹುಡುಗನನ್ನು ಬಾಕಿ ವಸೂಲಿಗೆ ಅಟ್ಟಿದ್ದು ಪ್ರೇಷ್ಯಪ್ರಯೋಗ. ಬಿಲ್ಲಿನ ಚಿತ್ರ ತರಿಸಿಕೊಂಡದ್ದು ಆನಯನ. ಉತ್ತರ ಬಾರದಿದ್ದಾಗ ಒಂದರ ಮೇಲೊಂದು ಸಂದೇಶ ಎಸೆದದ್ದು ಹೆಂಟೆಯಲ್ಲದೆ ಇನ್ನೇನು? ನನ್ನ ರಜೆಗೆ ಐದು ಅತಿಚಾರಗಳೂ ತಗುಲಿದ್ದವು. ಇಷ್ಟಾದರೂ ಅದು ನನ್ನ ರಜೆ. ಕೆಡಿಸಿಕೊಂಡರೆ ನಷ್ಟ ನನ್ನದೇ. ಆದರೆ ಗುಮಾಸ್ತನ ವಿಷಯದಲ್ಲಿ ನಾನು ಮುರಿದದ್ದು ಇನ್ನೊಬ್ಬನ ಎಲ್ಲೆಯನ್ನು. ಹೊರಗೆ ನಿಂತು ಒಳಗೆ ಮಲಗಿದವನ ಮೇಲೆ ಹೆಂಟೆ ಎಸೆದಿದ್ದೆ.

ಪರ್ವ ಮುಗಿದ ಮೇಲೆ ಕ್ಷಮಾವಾಣಿಯ ದಿನ ಬಂಧುಮಿತ್ರರನ್ನು ಕ್ಷಮೆ ಕೇಳುವುದು ನಮ್ಮಲ್ಲಿ ವಾಡಿಕೆ. ನಿಜವಾಗಿ ನೋಯಿಸಿದವರನ್ನು ಬಿಟ್ಟು ಉಳಿದವರೆಲ್ಲರನ್ನೂ ಕೇಳುವುದು ಸುಲಭ. ಆ ಸಲ ಅಂಗಡಿಗೆ ಹೋಗಿ, ಬಾಗಿಲು ತೆರೆದೊಡನೆ, ಗುಮಾಸ್ತನ ಮುಂದೆ ಕೈಮುಗಿದು ಜನವರಿಯ ಆ ಮಧ್ಯಾಹ್ನದ ಮಾತೆತ್ತಿದೆ. ಆತನಿಗೆ ಮುಜುಗರವಾಯಿತು.

“ಅದಕ್ಕೇನು ಬಿಡಿ ಯಜಮಾನ್ರೇ, ಕೆಲಸ ಅಂದ್ಮೇಲೆ ಇದ್ದದ್ದೇ” ಎಂದ. ಸ್ವಲ್ಪ ಹೊತ್ತು ಬಿಟ್ಟು, ಕಪಾಟಿನ ಕಡೆ ತಿರುಗಿಕೊಂಡು, “ಫೋನಿನ ಸದ್ದಿಗೆ ಅವತ್ತು ಅಪ್ಪಾನೂ ಎದ್ದುಬಿಟ್ರು. ಆಮೇಲೆ ಅವರಿಗೆ ನಿದ್ದೆ ಬರ್ಲಿಲ್ಲ” ಎಂದ.

ಎಂಟು ತಿಂಗಳ ಹಿಂದಿನ ಮಾತು. ಆತ ಮರೆತಿರಲಿಲ್ಲ.

ಕ್ಷಮೆ ಕೇಳಿದರೆ ಸಾಲದು, ಕಾರಣವನ್ನು ತೆಗೆಯಬೇಕು. ನಾನೇಕೆ ಫೋನು ಮಾಡುತ್ತಿದ್ದೆ? ಯೋಚಿಸಿದಾಗ ಉತ್ತರ ಸರಳವಾಗಿತ್ತು. ಅಂಗಡಿಯ ಧಾರಣೆಗಳೆಲ್ಲ ನನ್ನ ತಲೆಯಲ್ಲಿದ್ದವು. ಬಿಲ್ಲುಗಳು ಎಲ್ಲಿವೆಯೆಂಬುದು ಆತನ ತಲೆಯಲ್ಲಿತ್ತು. ಬರೆದಿಟ್ಟರೆ ಒಂದು ಪುಸ್ತಕದಲ್ಲಿ ಮುಗಿಯುವ ವಿಷಯವನ್ನು ಮೂವತ್ತು ವರ್ಷ ಬರೆದಿಡಲಿಲ್ಲ. ಏಕೆಂದರೆ ಧಾರಣೆ ಕೇಳಲು ಎಲ್ಲರೂ ನನ್ನ ಬಳಿಗೇ ಬರಬೇಕೆಂಬುದು ನನಗೆ ಪ್ರಿಯವಾಗಿತ್ತು. ಪರಿಗ್ರಹವೆಂದರೆ ವಸ್ತುಗಳ ರಾಶಿಯಲ್ಲ, ನನ್ನದೆಂಬ ಮೋಹ ಎಂದು ಶಾಸ್ತ್ರ ಹೇಳುತ್ತದೆ. ನಾನಿಲ್ಲದೆ ನಡೆಯದು ಎಂಬ ಭಾವನೆಯೂ ಒಂದು ಪರಿಗ್ರಹವೇ. ಹೊರಲು ಅತಿ ಭಾರವಾದದ್ದು, ಇಳಿಸಲು ಅತಿ ಕಷ್ಟವಾದದ್ದು. ಎರಡು ತಿಂಗಳು ಕುಳಿತು ನಾನೂ ಗುಮಾಸ್ತನೂ ಧಾರಣೆ ಪುಸ್ತಕವನ್ನೂ ಫೈಲುಗಳ ಸೂಚಿಯನ್ನೂ ಬರೆದು ಮುಗಿಸಿದೆವು. ರಜೆ ಎಂಬುದು ಹೊರಡುವ ದಿನ ಆರಂಭವಾಗುವುದಿಲ್ಲ. ಇಂತಹ ತಯಾರಿಯಿಂದ ಆರಂಭವಾಗುತ್ತದೆ ಎಂದು ಆಗ ತಿಳಿಯಿತು.

2024ರ ಡಿಸೆಂಬರಿನ ಕೊನೆಯ ವಾರ, ಶಾಲೆಗಳು ಮುಚ್ಚಿ ವ್ಯಾಪಾರ ಮಂದವಾಗಿದ್ದಾಗ, ಐದು ದಿನ ಮನೆಯಲ್ಲಿಯೇ ಇದ್ದೆ. ಎಲ್ಲೆ: ಮನೆಯಿಂದ ಅರೆಕೆರೆಯ ಕೆರೆಯವರೆಗೆ. ಫೋನನ್ನು ಮಗನ ಕೈಗೆ ಕೊಟ್ಟೆ. ನಮ್ಮ ಮುನಿಗಳು ಮಳೆಗಾಲದ ಚಾತುರ್ಮಾಸದಲ್ಲಿ ಮಾಡುವುದು ಪ್ರಯಾಣವಲ್ಲ, ಒಂದೆಡೆ ನೆಲೆಸುವುದು ಎಂಬುದು ನೆನಪಾಯಿತು.

ಮೊದಲ ದಿನ ಸುಖವಾಗಿತ್ತು. ಎರಡನೆಯ ದಿನ ಅತ್ಯಂತ ಕಷ್ಟದ್ದು. ಕೈ ಬರಿದಾದ ಜೇಬಿಗೆ ತಾನಾಗಿ ಹೋಗುತ್ತಿತ್ತು. ಸಾಮಾಯಿಕಕ್ಕೆ ಕುಳಿತರೆ ಎರಡು ಘಳಿಗೆ, ಅಂದರೆ 48 ನಿಮಿಷ, ಮುಗಿಯುವುದೇ ಇಲ್ಲವೆನಿಸಿತು. ಮೂರನೆಯ ದಿನ ಮಧ್ಯಾಹ್ನ ಮಲಗಿದವನು ಸಂಜೆ ಐದಕ್ಕೆ ಎದ್ದೆ, ಯಾರೂ ಎಬ್ಬಿಸಲಿಲ್ಲ. ಎದ್ದಾಗ ಮೊದಲು ನೆನಪಾದದ್ದು ಗುಮಾಸ್ತನ ತಂದೆ. ನಾಲ್ಕನೆಯ ದಿನ ಕೆರೆಯ ಕಡೆ ನಡೆದುಹೋದಾಗ ಮೈಕೋ ಬಡಾವಣೆಯ ಒಬ್ಬ ನಿವೃತ್ತರು ಸಿಕ್ಕಿದರು. ಆಡುಗೋಡಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. “ಪಾಳಿ ಮುಗಿದರೆ ಮುಗೀತು ಸ್ವಾಮಿ. ಲೇತ್ ಮೆಷೀನನ್ನ ಮನೆಗೆ ಹೊತ್ಕೊಂಡು ಬರೋಕಾಗ್ತಿತ್ತೇ? ಈಗ ನನ್ನ ಮಗ ಅದನ್ನ ಚೀಲದಲ್ಲಿ ಹಾಕ್ಕೊಂಡು ಬರ್ತಾನೆ” ಎಂದರು. ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾಯಿತು, ಬಡಾವಣೆಗೆ ಹಳೆಯ ಹೆಸರೇ ಉಳಿಯಿತು. ಆದರೆ ಆ ಬಡಾವಣೆಯ ಮನೆಗಳ ಒಳಗಿನ ಸಂಜೆ ಮಾತ್ರ ಹಳೆಯದಾಗಿ ಉಳಿಯಲಿಲ್ಲ.

ಇದೆಲ್ಲವೂ ನನ್ನ ಮಟ್ಟಿಗೆ ಸರಿ. ಎರಡನೆಯ ದಿನ ನಾನು ಮೂರನೆಯ ಸಲ ಕಾಫಿ ಕೇಳಿದಾಗ ನನ್ನ ಶ್ರೀಮತಿ ಹೇಳಿದ ಮಾತನ್ನು ಬರೆಯದಿದ್ದರೆ ಈ ಲೇಖನ ಸುಳ್ಳಾಗುತ್ತದೆ. “ನಿಮಗೇನೋ ರಜಾ ಸಿಕ್ತು. ನನಗೆ ಇನ್ನೊಂದು ಕೆಲಸ ಜಾಸ್ತಿ ಆಯ್ತು” ಎಂದರು. ಕೋಪದಿಂದಲ್ಲ, ಇದ್ದದ್ದನ್ನು ಹೇಳಿದರು. ಅಂದಿನಿಂದ ಬೆಳಗಿನ ಕಾಫಿಯನ್ನು ನಾನೇ ಮಾಡುತ್ತೇನೆ. ಅದು ರಜೆಯಲ್ಲವೆಂದು ನನಗೂ ಗೊತ್ತು, ಅವರಿಗೂ ಗೊತ್ತು. ನಲವತ್ತು ವರ್ಷ ಒಂದು ದಿನವೂ ಬಾಗಿಲು ಹಾಕದ ಅಡುಗೆಮನೆಗೆ ಎಲ್ಲೆ ಕಟ್ಟುವ ಉಪಾಯ ನನಗಿನ್ನೂ ತೋಚಿಲ್ಲ. ದಿನಗೂಲಿಯ ಮೇಲೆ ನಮ್ಮ ಕಾಗದದ ಬಂಡಲು ಹೊರುವ ಹಮಾಲಿಗೆ, ಒಂದು ದಿನದ ವಿಶ್ರಾಂತಿಯೆಂದರೆ ಒಂದು ದಿನದ ಅನ್ನ. ಈಗ ನಮ್ಮಲ್ಲಿ ಖಾಯಮ್ಮಾಗಿ ಬರುವ ಇಬ್ಬರು ಹಮಾಲಿಗಳಿಗೆ ತಿಂಗಳಿಗೆ ಎರಡು ದಿನದ ಕೂಲಿಯನ್ನು ದುಡಿಸದೆ ಕೊಡುತ್ತೇವೆ. ಇದು ದಾನವಲ್ಲ; ಬಹಳ ಹಿಂದೆಯೇ ಸಲ್ಲಬೇಕಾಗಿದ್ದ ಬಾಕಿ.

ವ್ಯಾಪಾರಿಯಾದ್ದರಿಂದ ಲಾಭನಷ್ಟದ ಲೆಕ್ಕವನ್ನೂ ಒಪ್ಪಿಸಬೇಕು. ನಾನು ಮನೆಯಲ್ಲಿದ್ದ ಐದು ದಿನಗಳಲ್ಲಿ ಒಂದು ಶಾಲೆಯ ಆರ್ಡರು ಕೈತಪ್ಪಿತು; ನಾನಿದ್ದಿದ್ದರೆ ಧಾರಣೆಯಲ್ಲಿ ಸ್ವಲ್ಪ ಇಳಿದು ಉಳಿಸಿಕೊಳ್ಳುತ್ತಿದ್ದೆ. ಅದು ನಿಜವಾದ ನಷ್ಟ. ಇನ್ನೊಂದು ಕಡೆ, ಆರನೆಯ ದಿನ ಸಂಜೆ ನಗದು ಪುಸ್ತಕದ ಪುಟವನ್ನು ಒಂದೇ ಸಲಕ್ಕೆ ಕೂಡಿದೆ, ಗುಮಾಸ್ತ ಯಂತ್ರದಲ್ಲಿ ತಾಳೆ ನೋಡಿದ, ಸರಿಯಿತ್ತು. ಈ ಹುರುಪು ಬಹುಕಾಲ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಮಾರ್ಚ್ ಬರುವಷ್ಟರಲ್ಲಿ ಹಳೆಯ ದಣಿವು ಮತ್ತೆ ಬಾಗಿಲು ತಟ್ಟಿತು. ವರ್ಷವಿಡೀ ಸುಟ್ಟುಕೊಂಡು ಐದು ದಿನದಲ್ಲಿ ತುಂಬಿಕೊಳ್ಳುವ ಎಣ್ಣೆಯಲ್ಲ ಇದು. ಬಿ.ಕಾಂ. ತರಗತಿಯಲ್ಲಿ ಯಂತ್ರಕ್ಕೆ ಪ್ರತಿವರ್ಷ ಸವಕಳಿ ಬರೆಯುವುದನ್ನು ಕಲಿತೆವು. ಬರೆಯದಿದ್ದರೆ ಲಾಭ ಸುಳ್ಳೆಂದು ಕಲಿತೆವು. ಮನುಷ್ಯನ ಸವಕಳಿಯನ್ನು ಬರೆಯದೆ ನಾನು ಮೂವತ್ತು ವರ್ಷ ಲಾಭ ತೋರಿಸಿದ್ದೆ. ಆದ್ದರಿಂದ ಈಗ ಅಷ್ಟಮಿ, ಚತುರ್ದಶಿಗಳಂದು ಸಂಜೆ ಐದಕ್ಕೆ ಅಂಗಡಿಯ ಬಾಗಿಲು ಹಾಕುತ್ತೇವೆ. ಪ್ರೋಷಧೋಪವಾಸಕ್ಕೆ ಆ ತಿಥಿಗಳನ್ನು ಏಕೆ ಗೊತ್ತುಮಾಡಿದರೋ, ಬಲ್ಲವರು ಹೇಳಬೇಕು. ಎಂಟು ದಿನಕ್ಕೊಮ್ಮೆ ನಿಲ್ಲಬೇಕೆಂಬ ಲೆಕ್ಕ ಮಾತ್ರ ನನ್ನಂತಹವನಿಗೂ ಅರ್ಥವಾಗುತ್ತದೆ.

ಕೊನೆಯದಾಗಿ ಒಂದು ಸಂಗತಿ. 2025ರ ಮೇ ತಿಂಗಳಲ್ಲಿ, ಹಂಗಾಮಿನ ನಡುವೆಯೇ, ಗುಮಾಸ್ತನಿಗೆ ತಂಗಿಯ ಮಗಳ ಮದುವೆಗೆಂದು ಐದು ದಿನದ ರಜೆ ಕೊಟ್ಟೆ. “ನಾವು ಯಾರೂ ಫೋನು ಮಾಡುವುದಿಲ್ಲ, ನೀನೂ ಮಾಡಬೇಡ” ಎಂದು ಹೇಳಿ ಕಳುಹಿಸಿದೆ. ಮೂರನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ನನ್ನ ಫೋನು ಬಾರಿಸಿತು. ಆತನ ಹೆಸರು. ಆಪತ್ತಾದರೆ ಮಗನಿಗೆ ಫೋನು ಮಾಡಬೇಕೆಂದು ಮೊದಲೇ ಮಾತಾಗಿತ್ತು. ಆದ್ದರಿಂದ ಇದು ಆಪತ್ತಲ್ಲ. ಅಂಗಡಿ ಹೇಗೆ ನಡೆದಿದೆಯೋ ಎಂಬ ಕಳವಳ. ಇಪ್ಪತ್ತು ವರ್ಷ ನಾನೇ ಕಲಿಸಿದ ಪಾಠ. ಎದುರಿಗೆ ಗಿರಾಕಿಗಳು ಸಾಲಾಗಿ ನಿಂತಿದ್ದರು. ಒಂದು ಬಿಲ್ಲಿನ ಸಂದೇಹವೂ ಇತ್ತು. ಕೇಳಿದ್ದರೆ ಅರ್ಧ ನಿಮಿಷದಲ್ಲಿ ಬಗೆಹರಿಯುತ್ತಿತ್ತು.

ಎತ್ತಿಕೊಳ್ಳಲಿಲ್ಲ. ಸದ್ದು ತಾನಾಗಿ ನಿಲ್ಲುವವರೆಗೆ ಫೋನನ್ನು ನೋಡುತ್ತ ಕುಳಿತೆ. ಬಳಿಕ ಸೂಚಿಯನ್ನು ತೆರೆದು ಬಿಲ್ಲನ್ನು ಹುಡುಕತೊಡಗಿದೆ. ಸಿಗಲು ಇಪ್ಪತ್ತು ನಿಮಿಷ ಹಿಡಿಯಿತು.